ಆರು ವರ್ಷ ಆದ ಮೇಲೆ ತಿದ್ದಿದ ಐದು ಸ್ಟಾರ್: ಆನ್‌ಲೈನ್‌ನಲ್ಲಿ ತರಿಸಿದ ಕಿವಿ ಹಣ್ಣಿನ ಸಸಿಗಳು

2019ರ ಜೂನ್‌ನಲ್ಲಿ ಈ ಸಸಿಗಳಿಗೆ ನಾನೇ ಐದು ಸ್ಟಾರ್ ಕೊಟ್ಟಿದ್ದೆ. ಪ್ಯಾಕಿಂಗ್ ಚೆನ್ನಾಗಿದೆ, ಎಲೆ ಹಸಿರಾಗಿದೆ, ನಾಲ್ಕೇ ದಿನಕ್ಕೆ ಬಂತು ಅಂತ ಬರೆದಿದ್ದೆ. ಮೊನ್ನೆ ಹೋಗಿ ನೋಡಿದರೆ ಆ ಮಾತು ಇನ್ನೂ ಹಾಗೇ ಇದೆ. ಅದರ ಕೆಳಗೆ ಹದಿನಾರು ಜನ ಉಪಯೋಗವಾಯಿತು ಅಂತ ಒತ್ತಿದ್ದಾರೆ. ಅವರಲ್ಲಿ ಎಷ್ಟು ಜನ ನನ್ನ ಮಾತು ನಂಬಿ ದುಡ್ಡು ಹಾಕಿದರೋ ಅಂತ ತುಂಬಾ ಬೇಜಾರಾಯಿತು. ಐದನ್ನು ಒಂದಕ್ಕೆ ಇಳಿಸಿದ್ದೇನೆ. ಯಾಕೆ ಅನ್ನುವುದನ್ನು ಅಲ್ಲಿನ ನಾಲ್ಕು ಸಾಲಲ್ಲಿ ಹೇಳಲು ಆಗಲಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಮಾರಿದವರ ಹೆಸರು ಹಾಕುವುದಿಲ್ಲ. ಇದೇ ಥರ ಮಾರುವವರು ಇನ್ನೂ ಇದ್ದಾರೆ, ಒಬ್ಬರ ಹೆಸರು ಹೇಳಿದರೆ ಉಳಿದವರೆಲ್ಲ ಸರಿ ಅಂದ ಹಾಗೆ ಆಗುತ್ತದೆ.

ನಮ್ಮ ಮನೆ ಇರುವುದು ಚಿಕ್ಕಬಳ್ಳಾಪುರ ತಾಲ್ಲೂಕಿನಲ್ಲಿ, ನಂದಿ ಬೆಟ್ಟದ ಕೆಳಗೆ. ಹಿತ್ತಲು ದೊಡ್ಡದೇನಲ್ಲ, ಮೂವತ್ತು ನಲವತ್ತರ ಜಾಗ. ಒಂದು ಸೀಬೆ, ಒಂದು ನುಗ್ಗೆ, ಕರಿಬೇವು, ಅಮ್ಮನ ಕನಕಾಂಬರ. ಕಿವಿ ಬೇಕು ಅನ್ನಿಸಿದ್ದು ಸಸಿ ತರಿಸಿದ್ದರ ಹಿಂದಿನ ವರ್ಷ ಮಗಳಿಗೆ ಡೆಂಗ್ಯೂ ಬಂದಾಗ. ಆಸ್ಪತ್ರೆಗೆ ಬಂದವರೆಲ್ಲ ಕಿವಿ ಹಣ್ಣು ಕೊಡಿ, ಪ್ಲೇಟ್‌ಲೆಟ್ ಏರುತ್ತದೆ ಅಂದರು. ಡಾಕ್ಟರ್ ಹೇಳಿದ್ದು ನೀರು ಕುಡಿಸಿ, ಮಲಗಿಸಿ ಅಂತ ಅಷ್ಟೇ. ಆದರೂ ತಂದೆವು, ಒಂದಕ್ಕೆ ನಲವತ್ತು ರೂಪಾಯಿ. ಮಗಳಿಗೆ ಆ ಹುಳಿ ಸಿಹಿ ಇಷ್ಟವಾಗಿಬಿಟ್ಟಿತು. ಹುಷಾರಾದ ಮೇಲೂ ಕೇಳುತ್ತಿದ್ದಳು. ಮನೆಯಲ್ಲೇ ಬೆಳೆದರೆ ಏನು ಅಂತ ಹುಡುಕಲು ಶುರು ಮಾಡಿದೆ.

ಆ ಹೊತ್ತಿಗೆ ನಮ್ಮ ಕಡೆ ಸೇಬಿನ ಸುದ್ದಿ ಜೋರಾಗಿತ್ತು. ಹಿಮಾಚಲದ ಹರಿಮನ್ ಶರ್ಮಾ ಅವರು ಬಿಸಿಲು ಸೀಮೆಗೂ ಹೊಂದುವ ಎಚ್‌ಆರ್‌ಎಂಎನ್-99 ಅನ್ನುವ ಸೇಬಿನ ತಳಿ ಮಾಡಿದ್ದು, ಅದು ಕರ್ನಾಟಕದಲ್ಲೂ ಬೇರೂರಿದ್ದು, ಇದನ್ನೆಲ್ಲ ಓದಿದ್ದೆ. ಸೇಬು ಬಂದರೆ ಕಿವಿ ಯಾಕೆ ಬರಬಾರದು ಅಲ್ವಾ ಅಂತ ಅನ್ನಿಸಿತು. ಮಾರುವವರ ಪುಟದಲ್ಲೂ ಅದನ್ನೇ ಬರೆದಿದ್ದರು. ಭಾರತದ ಎಲ್ಲಾ ಹವಾಮಾನಕ್ಕೂ ಸರಿ, ಕುಂಡದಲ್ಲೂ ಬೆಳೆಯುತ್ತದೆ, ಹದಿನೆಂಟು ತಿಂಗಳಿಗೆ ಹಣ್ಣು. ಒಂದು ಗಂಡು, ಎರಡು ಹೆಣ್ಣು, ಮೂರೂ ಕಸಿ ಸಸಿ, ಕೊರಿಯರ್ ಸೇರಿ 2,150 ರೂಪಾಯಿ.

ಗಂಡು ಹೆಣ್ಣು ಅಂದದ್ದು ಮಾತ್ರ ಸುಳ್ಳಲ್ಲ. ಪಪ್ಪಾಯಿಯಲ್ಲಿ ಇರುವ ಹಾಗೆ ಕಿವಿಯಲ್ಲೂ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಹಣ್ಣು ಬಿಡುವುದು ಹೆಣ್ಣು. ಅದಕ್ಕೆ ಗಂಡು ಹೂವಿನ ಪುಡಿ ಬೇಕೇ ಬೇಕು. ತೋಟಗಳಲ್ಲಿ ಎಂಟೊಂಬತ್ತು ಹೆಣ್ಣಿಗೆ ಒಂದು ಗಂಡು ಹಾಕುತ್ತಾರೆ. ತೊಂದರೆ ಏನಂದರೆ ಹೂವು ಬಿಡುವವರೆಗೆ ಯಾವುದು ಗಂಡು ಯಾವುದು ಹೆಣ್ಣು ಅಂತ ನೋಡಿ ಹೇಳಲು ಬರುವುದಿಲ್ಲ. ಎಲೆ ಒಂದೇ, ಕಡ್ಡಿ ಒಂದೇ. ಕೊಡುವವರ ಮಾತೇ ಗತಿ. ಅದಕ್ಕೇ ಕಸಿ ಸಸಿ ಬೇಕು ಅನ್ನುವುದು, ಯಾಕಂದರೆ ಹೆಣ್ಣು ಅಂತ ಗೊತ್ತಿರುವ ತಾಯಿ ಬಳ್ಳಿಯ ಕಡ್ಡಿಯನ್ನು ಬೀಜದ ಗಿಡದ ಮೇಲೆ ಕಸಿ ಕಟ್ಟಿದರೆ ಅದು ಹೆಣ್ಣೇ ಆಗುತ್ತದೆ. ಬೀಜದ ಸಸಿಯಾದರೆ ಹೂವು ಬರುವುದಕ್ಕೇ ಆರೇಳು ವರ್ಷ ಕಾಯಬೇಕು, ಅದೂ ಗಂಡೋ ಹೆಣ್ಣೋ ಗೊತ್ತಿಲ್ಲದೆ.

ಡಬ್ಬ ಬಂದ ದಿನ ನಮ್ಮ ಮನೆಯಲ್ಲಿ ಹಬ್ಬ. ಚಿಕ್ಕಪ್ಪ ಹಳೇ ದ್ರಾಕ್ಷಿ ತೋಟದಿಂದ ಎಂಟಡಿಯ ನಾಲ್ಕು ಕಲ್ಲುಕಂಬ ತಂದು ನಿಲ್ಲಿಸಿಕೊಟ್ಟರು. ಮೇಲೆ ಜಿಐ ತಂತಿ ಎಳೆದು ಚಪ್ಪರ ಮಾಡಿದೆವು. ಈ ವಿಷಯದಲ್ಲಿ ನಮ್ಮ ಜಿಲ್ಲೆಯವರು ಅದೃಷ್ಟವಂತರು, ಬಳ್ಳಿಗೆ ಚಪ್ಪರ ಹಾಕುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಕಿವಿ ಬಳ್ಳಿ ಬೆಳೆದ ಮೇಲೆ ತುಂಬಾ ಭಾರ. ಬಿದಿರು ಗಳ ನಿಲ್ಲುವುದಿಲ್ಲ, ಕಲ್ಲುಕಂಬವೇ ಸರಿ. ಎರಡಡಿ ಗುಂಡಿಗೆ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಹಾಕಿ ನೆಟ್ಟೆ. ಅವತ್ತೇ ರಾತ್ರಿ ಐದು ಸ್ಟಾರ್ ಹಾಕಿದೆ.

ಒಂದು ಹೆಣ್ಣು ಮೂರು ವಾರಕ್ಕೆ ಒಣಗಿತು. ಕಿತ್ತು ನೋಡಿದರೆ ಬೇರು ಕಪ್ಪಾಗಿತ್ತು. ಫೋಟೊ ಕಳಿಸಿದೆ. ಬದಲಿ ಸಸಿ ಏಳು ದಿನದ ಒಳಗೆ ಮಾತ್ರ ಅಂತ ಉತ್ತರ ಬಂತು. ಬೇರು ಸತ್ತ ಗಿಡ ಕಡ್ಡಿಯಲ್ಲಿರುವ ನೀರಿನ ಮೇಲೆ ಹದಿನೈದು ಇಪ್ಪತ್ತು ದಿನ ಹಸಿರಾಗಿ ನಿಂತಿರುತ್ತದೆ. ಗಿಡ ಮಾರುವವರಿಗೆ ಇದು ಗೊತ್ತಿರುತ್ತದೆ. ಏಳು ದಿನದ ವಾರಂಟಿ ಡಬ್ಬಕ್ಕೆ ಆಗಬಹುದು, ಗಿಡಕ್ಕೆ ಆಗುವುದಿಲ್ಲ.

ಉಳಿದ ಎರಡು ಮಳೆಗಾಲದಲ್ಲಿ ಚೆನ್ನಾಗಿ ಎದ್ದವು. ಇದನ್ನು ಮನಸಾರೆ ಹೇಳುತ್ತೇನೆ, ಕಿವಿಯಷ್ಟು ಚಂದದ ಬಳ್ಳಿ ನಮ್ಮ ಹಿತ್ತಲಿಗೆ ಇನ್ನೊಂದು ಬಂದಿಲ್ಲ. ಚಿಗುರಿನ ಮೇಲೆಲ್ಲ ಕೆಂಪು ಕೂದಲು, ಮಗುವಿನ ತಲೆ ಸವರಿದ ಹಾಗೆ ಮೆತ್ತಗೆ. ಎಲೆ ಊಟದ ತಟ್ಟೆಯ ಅಗಲ. ಆಗಸ್ಟ್‌ನಲ್ಲಿ ಒಂದು ಕುಡಿ ತಂತಿ ಹಿಡಿದ ಮೇಲೆ ಹನ್ನೆರಡು ಅಡಿ ಹೋಯಿತು. ಒಂದು ವಿಚಿತ್ರ ಅಂದರೆ ಬೆಕ್ಕುಗಳು. ಬೀದಿಯ ಬೆಕ್ಕೆಲ್ಲ ಬಂದು ಬುಡಕ್ಕೆ ಮೈ ಉಜ್ಜಿ, ಮಣ್ಣು ಕೆದಕಿ, ಬೇರು ಕಚ್ಚುತ್ತಿದ್ದವು. ಈ ಜಾತಿಯ ಬಳ್ಳಿಗಳ ವಾಸನೆ ಬೆಕ್ಕಿಗೆ ಹುಚ್ಚು ಹಿಡಿಸುತ್ತದಂತೆ. ಎಳೇ ಸಸಿ ನೆಡುವವರು ಬುಡದ ಸುತ್ತ ಕೋಳಿ ಜಾಲರಿ ಕಟ್ಟಿ. ಇದನ್ನೂ ಮಾರುವವರು ಒಂದು ಸಾಲು ಬರೆಯಬಹುದಿತ್ತು.

ನಿಜವಾದ ಕಷ್ಟ ಶುರುವಾಗಿದ್ದು ಬೇಸಿಗೆಯಲ್ಲಿ, ನೀರಿನಿಂದ. ನಮ್ಮ ಬೋರ್ ಸಾವಿರದ ಇನ್ನೂರು ಅಡಿ. ಆ ಆಳದ ನೀರು ಹೇಗಿರುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ಬಕೆಟ್ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ. ಕಿವಿಗೆ ಸ್ವಲ್ಪ ಹುಳಿ ಮಣ್ಣು ಬೇಕು, ಪಿಎಚ್ ಅನ್ನುವ ಹುಳಿ-ಕ್ಷಾರದ ಅಳತೆಯಲ್ಲಿ ಐದೂವರೆಯಿಂದ ಏಳರ ಒಳಗೆ. ಉಪ್ಪಿನಂಶ ಅದಕ್ಕೆ ಚೂರೂ ಆಗುವುದಿಲ್ಲ. ಏಪ್ರಿಲ್ ಹೊತ್ತಿಗೆ ಎಲೆಯ ಅಂಚು ಸುಟ್ಟ ಹಪ್ಪಳದ ಹಾಗೆ ಕಂದಾಯಿತು, ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ನಾನು ನೀರು ಸಾಲದು ಅಂದುಕೊಂಡು ಅದೇ ಬೋರ್ ನೀರನ್ನು ಇನ್ನೂ ಜಾಸ್ತಿ ಬಿಟ್ಟೆ, ಇನ್ನೂ ಸುಟ್ಟಿತು. ಚಿಂತಾಮಣಿ ಹತ್ತಿರದ ಕುರುಬೂರು ಕೃಷಿ ವಿಜ್ಞಾನ ಕೇಂದ್ರಕ್ಕೆ ಮಣ್ಣು, ನೀರು ಎರಡೂ ಒಯ್ದೆ. ನೀರಿನ ಪಿಎಚ್ 8.2 ಅಂತ ಬಂತು. ಅಲ್ಲಿದ್ದವರು ತಾಳ್ಮೆಯಿಂದ ಕೂರಿಸಿಕೊಂಡು ಹೇಳಿದರು. ಹಳದಿಗೆ ಕಾರಣ ಮಣ್ಣಲ್ಲಿ ಕಬ್ಬಿಣ ಇಲ್ಲದ್ದಲ್ಲ, ಇದ್ದರೂ ಈ ಪಿಎಚ್‌ನಲ್ಲಿ ಬೇರಿಗೆ ಸಿಗದೇ ಇರುವುದು ಅಂತ. ಆ ಒಂದು ಮಾತಿಗೆ ಅವರಿಗೆ ಋಣಿ.

ಅವತ್ತಿಂದ ಚಾವಣಿಯ ಮಳೆನೀರನ್ನು ಎರಡು ಸಾವಿರ ಲೀಟರ್ ಟ್ಯಾಂಕಿಗೆ ಹಿಡಿದು ಬರೀ ಕಿವಿಗೆ ಇಟ್ಟೆ. ಮಣ್ಣಿಗೆ ಗಂಧಕದ ಪುಡಿ, ಬುಡಕ್ಕೆ ಹೊಂಗೆ ಎಲೆಯ ಹೊದಿಕೆ, ಮಾರ್ಚ್‌ನಿಂದ ಮೇ ತನಕ ಪಡುವಣ ಕಡೆಗೆ ಹಸಿರು ನೆರಳು ಬಲೆ. ಮುಂದಿನ ಬೇಸಿಗೆಗೆ ಎಲೆ ಮುಕ್ಕಾಲು ಪಾಲು ಉಳಿಯಿತು. ಆದರೆ ಲೆಕ್ಕ ಹಾಕಿ ನೋಡಿ, ಎರಡು ಬಳ್ಳಿಗೆ ಬೇಸಿಗೆಯಲ್ಲಿ ದಿನಕ್ಕೆ ಎರಡು ಮೂರು ಬಿಂದಿಗೆ. ಕೆರೆಗೆ ಬೆಂಗಳೂರಿನ ಸಂಸ್ಕರಿಸಿದ ನೀರು ತರಬೇಕಾಗಿ ಬಂದ ಜಿಲ್ಲೆ ನಮ್ಮದು. ಇಷ್ಟು ನೀರು ಕುಡಿಯುವ ಬಳ್ಳಿಯನ್ನು ಎಲ್ಲಾ ಹವಾಮಾನಕ್ಕೂ ಸರಿ ಅಂತ ಹೇಗೆ ಬರೆದರು?

ನೀರು ಜಾಸ್ತಿಯಾದರೂ ಕಷ್ಟವೇ. 2021ರ ನವೆಂಬರ್ ಮಳೆ ನೆನಪಿದೆಯಲ್ಲ, ಕೆರೆಗಳೆಲ್ಲ ಕೋಡಿ ಹೋದ ವರ್ಷ. ನಮ್ಮ ಹಿತ್ತಲಲ್ಲಿ ನಾಲ್ಕು ದಿನ ನೀರು ನಿಂತಿತು. ಗಂಡು ಅಂತ ಚೀಟಿ ಇದ್ದ ಬಳ್ಳಿ ಬೇರು ಕೊಳೆತು ಹೋಯಿತು. ಹೆಣ್ಣು ಒಂದೇ ಉಳಿಯಿತು.

ಇನ್ನು ಚಳಿಯ ವಿಷಯ. ಇದೇ ಮುಖ್ಯ, ಸ್ವಲ್ಪ ಸಮಾಧಾನದಿಂದ ಓದಿ.

ಕಿವಿ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. ಮಲಗಿದ ಕಣ್ಣುಗಳು, ಅಂದರೆ ಕಡ್ಡಿಯ ಮೇಲೆ ಚಿಗುರು ಒಡೆಯುವ ಜಾಗಗಳು, ಸರಿಯಾಗಿ ಏಳಬೇಕಾದರೆ ಇಷ್ಟು ತಾಸು ಚಳಿ ಸಿಗಲೇಬೇಕು. ಆ ಲೆಕ್ಕವನ್ನು ಸಾಮಾನ್ಯವಾಗಿ 7 ಡಿಗ್ರಿಗಿಂತ ಕೆಳಗಿನ ತಾಸುಗಳಲ್ಲಿ ಹಾಕುತ್ತಾರೆ. ಅಂಗಡಿಯಲ್ಲಿ ಸಿಗುವ ಹಸಿರು ತಿರುಳಿನ ಹಣ್ಣು ಹೆಚ್ಚಾಗಿ ಹೇವರ್ಡ್ ತಳಿ, ಅದಕ್ಕೆ ಸುಮಾರು ಎಂಟುನೂರು ತಾಸು ಅಥವಾ ಇನ್ನೂ ಜಾಸ್ತಿ ಬೇಕು. ಹಳದಿ ತಿರುಳಿನ ಕೆಲವು ತಳಿಗಳಿಗೆ ಇದಕ್ಕಿಂತ ತುಂಬಾ ಕಡಿಮೆ ಸಾಕು. ನಮ್ಮಲ್ಲಿ ಎಷ್ಟು ಸಿಗುತ್ತದೆ? ಹಿತ್ತಲಲ್ಲಿ ಒಂದು ಥರ್ಮಾಮೀಟರ್ ನೇತು ಹಾಕಿ ಎರಡು ಚಳಿಗಾಲ ಬರೆದಿಟ್ಟೆ. ನಾನು ಕಂಡ ಅತಿ ಕಡಿಮೆ ಅಂದರೆ ಜನವರಿಯ ಒಂದು ಬೆಳಗಿನ ಜಾವ 10.8 ಡಿಗ್ರಿ. ಅಂದರೆ ಆ ಲೆಕ್ಕದಲ್ಲಿ ನಮಗೆ ಸಿಕ್ಕ ಚಳಿ ಸೊನ್ನೆ ತಾಸು. ನಂದಿ ಬೆಟ್ಟ 1,478 ಮೀಟರ್ ಎತ್ತರ ಇದೆ, ಮಂಜು ನೋಡಲು ಭಾನುವಾರ ಕಾರುಗಳ ಸಾಲೇ ನಿಲ್ಲುತ್ತದೆ, ನಾನೂ ಅದನ್ನೇ ನಂಬಿ ನಮ್ಮದು ತಂಪು ಊರು ಅಂದುಕೊಂಡಿದ್ದೆ. ಮಂಜು ಬೇರೆ, ಬಳ್ಳಿ ಕೇಳುವ ಚಳಿ ಬೇರೆ.

ಚಳಿ ಸಾಲದಿದ್ದರೆ ಏನಾಗುತ್ತದೆ ಅನ್ನುವುದನ್ನು ಐದು ವರ್ಷ ಕಣ್ಣಾರೆ ನೋಡಿದೆ. ಎಲೆ ಪೂರ್ತಿ ಉದುರುವುದಿಲ್ಲ. ಹಳೇ ಎಲೆ ಹಾಗೇ ನೇತಾಡುತ್ತಿರುತ್ತದೆ. ಫೆಬ್ರವರಿಯಲ್ಲಿ ಒಂದು ಕಣ್ಣು, ಮಾರ್ಚ್‌ನಲ್ಲಿ ಎರಡು, ಏಪ್ರಿಲ್‌ನಲ್ಲಿ ಮತ್ತೊಂದು, ಹೀಗೆ ಒಂದೊಂದೇ ಏಳುತ್ತವೆ. ಮಧ್ಯದ ಕಣ್ಣುಗಳು ಏಳುವುದೇ ಇಲ್ಲ. ಎದ್ದದ್ದೆಲ್ಲ ಬರೀ ಎಲೆ.

ಎಲ್ಲಕ್ಕಿಂತ ಮನಸ್ಸಿಗೆ ನಾಟಿದ್ದು ಇನ್ನೊಂದು ವಿಷಯ. ನಮ್ಮ ದೇಶದಲ್ಲಿ ಕಿವಿ ಬಳ್ಳಿಯನ್ನು ಮೊದಲು ನೆಟ್ಟಿದ್ದು ಹಿಮಾಚಲದಲ್ಲಲ್ಲ, ನಮ್ಮ ಲಾಲ್‌ಬಾಗಿನಲ್ಲಿ, 1960ರಲ್ಲಿ. ಚಳಿ ಸಾಲದೆ ಅಲ್ಲಿ ಕೈಗೂಡಲಿಲ್ಲ. 1963ರಲ್ಲಿ ಶಿಮ್ಲಾದ ಫಾಗ್ಲಿ ಸಸ್ಯ ಸಂಶೋಧನಾ ಕೇಂದ್ರದಲ್ಲಿ ಬೇರೆ ತಳಿಗಳನ್ನು ತಂದು ನೆಟ್ಟರು, 1969ಕ್ಕೆ ಹಣ್ಣು ಬಿಟ್ಟಿತು. ಇವತ್ತು ಅರುಣಾಚಲದ ಜೀರೋ ಕಣಿವೆ ಕಿವಿಗೆ ಹೆಸರುವಾಸಿ. ಅಂದರೆ ನಮ್ಮ ಮನೆಯಿಂದ ಅರವತ್ತು ಕಿಲೋಮೀಟರ್ ದೂರದಲ್ಲಿ, ಅರವತ್ತು ವರ್ಷದ ಹಿಂದೆ, ಈ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಗಿಡ ಮಾರುವುದೇ ಕೆಲಸ ಆಗಿರುವವರಿಗೆ ಇದು ಗೊತ್ತಿರಬೇಕಿತ್ತು. ನಾನೂ ದುಡ್ಡು ಕಟ್ಟುವ ಮೊದಲು ಹುಡುಕಬೇಕಿತ್ತು.

2022ರಲ್ಲಿ ಇನ್ನೊಂದು ಗಂಡು ಸಸಿ ತರೋಣ ಅಂತ ಗೌರಿಬಿದನೂರು ರಸ್ತೆಯ ಒಂದು ಚಿಕ್ಕ ನರ್ಸರಿಗೆ ಹೋದೆ. ಅವರ ಹತ್ತಿರ ಕಿವಿ ಇತ್ತು, 600 ರೂಪಾಯಿ. ಮಾರಿ ಕೈ ತೊಳೆದುಕೊಳ್ಳಬಹುದಿತ್ತು. ಅದರ ಬದಲು ನನ್ನ ಬಳ್ಳಿಯ ಫೋಟೊ ಕೇಳಿದರು. ಫೋನಲ್ಲಿ ಮೊದಲ ದಿನದ ಫೋಟೊ ಇತ್ತು, ತೋರಿಸಿದೆ. ದೊಡ್ಡದು ಮಾಡಿ ನೋಡಿ, "ಸಾರ್, ಇಲ್ಲಿ ನೋಡಿ, ಇದು ಕಸಿ ಗಂಟು. ಅದರ ಮೇಲಿನ ಕಡ್ಡಿ ಒಣಗಿದೆ. ನಿಮ್ಮ ಚಿಗುರು ಬಂದಿರೋದು ಗಂಟಿನ ಕೆಳಗಿಂದ. ಅದು ಬೀಜದ ಗಿಡ ಸಾರ್, ಹೆಣ್ಣೋ ಗಂಡೋ ದೇವರಿಗೇ ಗೊತ್ತು" ಅಂದರು. ಎದೆ ಧಸಕ್ ಅಂದಿತು. ಮೂರು ವರ್ಷ ನಾನು ಸಾಕಿದ್ದು ಕಸಿಯನ್ನಲ್ಲ, ಅದರ ಬೇರುಗಿಡವನ್ನು. ಐದು ಸ್ಟಾರ್ ಕೊಟ್ಟ ದಿನವೇ ಆ ಫೋಟೊ ನನ್ನ ಕೈಯಲ್ಲಿತ್ತು. ಗಂಡು ಈಗ ಬೇಡ, ಮೊದಲು ಹೂವು ಬರಲಿ, ಬಂದರೆ ಆಮೇಲೆ ಯಾವುದು ಬೇಕೋ ಅದನ್ನು ತಗೊಳ್ಳಿ, ಈಗ ತಗೊಂಡರೆ ದುಡ್ಡು ದಂಡ ಅಂತ ಹೇಳಿ ಕಳಿಸಿದರು. ಅವತ್ತು ಅವರಿಗೆ ವ್ಯಾಪಾರ ಆಗಿದ್ದು ಒಂದು ಪ್ಯಾಶನ್ ಫ್ರೂಟ್ ಸಸಿ, ಎಂಬತ್ತು ರೂಪಾಯಿ. ಪೂರ್ತಿ ಐದು ಸ್ಟಾರ್ ಕೊಡಬೇಕಾದದ್ದು ಇಂಥವರಿಗೆ.

ಆಮೇಲೂ ನಾನು ಬಳ್ಳಿ ಕೀಳಲಿಲ್ಲ. ಅಮ್ಮ ಒಪ್ಪಲಿಲ್ಲ, ನೆರಳು ಚೆನ್ನಾಗಿದೆ ಇರಲಿ ಬಿಡೋ ಅಂದರು. ಚಿಕ್ಕಪ್ಪ ಅದನ್ನು ಸವಾಲಿನ ಥರ ತಗೊಂಡರು. ದ್ರಾಕ್ಷಿ ಕಣ್ಣು ಒಟ್ಟಿಗೆ ಏಳಲಿ ಅಂತ ಹೈಡ್ರೋಜನ್ ಸೈನಮೈಡ್ ಹಚ್ಚುವುದು ಅವರಿಗೆ ಹೊಸದಲ್ಲ. ನ್ಯೂಜಿಲೆಂಡಿನ ಕಿವಿ ತೋಟಗಳಲ್ಲೂ ಅದನ್ನು ಹೊಡೆಯುತ್ತಾರೆ. ನಾನು ಬೇಡ ಅಂದೆ. ಅದು ಚಳಿಯ ಜೊತೆಗೆ ಸಹಾಯ ಮಾಡುತ್ತದೆ, ಚಳಿಯೇ ಇಲ್ಲದ ಕಡೆ ಪೂರ್ತಿ ಅದರ ಜಾಗ ತುಂಬುವುದಿಲ್ಲ. ಮೇಲಾಗಿ ಅದು ವಿಷ, ಮೈಗೆ ಬಿದ್ದರೆ ಸುಡುತ್ತದೆ, ಹೊಡೆದವರು ಆಸುಪಾಸಿನ ದಿನಗಳಲ್ಲಿ ಹೆಂಡ ಮುಟ್ಟಿದರೆ ಜೀವಕ್ಕೇ ಅಪಾಯ. ಮಕ್ಕಳು ಓಡಾಡುವ ಹಿತ್ತಲಿಗೆ ಅದು ಬೇಡವೇ ಬೇಡ. ದಯವಿಟ್ಟು ಯಾರೂ ಮನೆಯಲ್ಲಿ ಪ್ರಯೋಗ ಮಾಡಬೇಡಿ.

"ಹಂಗಾದ್ರೆ ನೀರು ನಿಲ್ಸು, ಎಲೆ ಎಲ್ಲಾ ಕೈಯಲ್ಲೇ ಕಿತ್ತಾಕು. ಮಲಗಿದೀನಿ ಅಂತ ಅದಕ್ಕೆ ಅನ್ನಿಸ್ಲಿ" ಅಂದರು ಚಿಕ್ಕಪ್ಪ. 2024ರ ಡಿಸೆಂಬರ್ ಮೊದಲ ವಾರದಿಂದ ನೀರು ಕಡಿಮೆ ಮಾಡಿದೆ. ಕ್ರಿಸ್‌ಮಸ್ ರಜೆಯಲ್ಲಿ ನಾನು, ಮಗಳು ಕೂತು ಎಲೆ ಒಂದೊಂದೇ ಕಿತ್ತೆವು. ಚಿಕ್ಕಪ್ಪ ಬಂದು ಕಟಿಂಗ್ ಮಾಡಿದರು. ಹಿಂದಿನ ವರ್ಷದ ಬಲಿತ ಕಡ್ಡಿ ಉಳಿಸಿದರು, ಯಾಕಂದರೆ ಅದರಿಂದ ಬರುವ ಹೊಸ ಚಿಗುರಲ್ಲೇ ಹೂವು ಬರುವುದು. ಫೆಬ್ರವರಿಯಲ್ಲಿ ಮತ್ತೆ ನೀರು, ಗೊಬ್ಬರ.

ಮಾರ್ಚ್ ಎರಡನೇ ವಾರ ಮೊಗ್ಗು ಕಾಣಿಸಿತು. ಆರು ವರ್ಷಕ್ಕೆ ಮೊದಲ ಸಲ. ಏಳು ಮೊಗ್ಗು. ಮಗಳು ಸ್ಕೂಲಿಂದ ಬಂದ ತಕ್ಷಣ ಬ್ಯಾಗ್ ಹಾಕಿಕೊಂಡೇ ಚಪ್ಪರದ ಕೆಳಗೆ ಹೋಗಿ ಎಣಿಸುತ್ತಿದ್ದಳು. ಮೊದಲ ಹೂವು ಅರಳಿದ ಬೆಳಿಗ್ಗೆ ಇಡೀ ಮನೆ ಅಲ್ಲಿತ್ತು. ಕೆಳಮುಖವಾಗಿ ತೂಗುವ ಕೆನೆ ಬಿಳಿ ಹೂವು, ರೂಪಾಯಿ ನಾಣ್ಯದ ಎರಡರಷ್ಟು ಅಗಲ. ನಾನು ಮೆಲ್ಲಗೆ ಮೇಲೆತ್ತಿ ಒಳಗೆ ನೋಡಿದೆ. ಹೆಣ್ಣು ಹೂವಾದರೆ ನಡುವೆ ಪುಟ್ಟ ಗುಂಡಗಿನ ಕಾಯಿ, ಅದರ ತಲೆಯ ಮೇಲೆ ಬಿಳಿ ಕಡ್ಡಿಗಳು ನಕ್ಷತ್ರದ ಹಾಗೆ ಹರಡಿರಬೇಕು. ಸುತ್ತ ಹಳದಿ ಕೇಸರ ಹೆಣ್ಣಿನಲ್ಲೂ ಇರುತ್ತದೆ, ಅದನ್ನು ನೋಡಿ ಮೋಸ ಹೋಗಬಾರದು. ನಮ್ಮ ಹೂವಿನಲ್ಲಿ ನಕ್ಷತ್ರ ಇರಲಿಲ್ಲ. ಬರೀ ಹಳದಿ ಕೇಸರ, ಬೆರಳಿಗೆ ಪುಡಿ ಹತ್ತಿತು. ಏಳೂ ಹಾಗೇ.

ಹೆಣ್ಣು ಅಂತ ಮಾರಿದ ಬಳ್ಳಿ ಗಂಡು.

ಮಾರಿದವರಿಗೆ ಮೊದಲ ದಿನದ ಫೋಟೊ, ಹೂವಿನ ಫೋಟೊ ಎರಡೂ ಕಳಿಸಿದೆ. ದುಡ್ಡು ವಾಪಸ್ ಕೇಳಲಿಲ್ಲ. ಪುಟದಲ್ಲಿರುವ ಮಾತು ತಿದ್ದಿ, ತಳಿಯ ಹೆಸರು ಹಾಕಿ, ಎಷ್ಟು ಚಳಿ ಬೇಕು ಅಂತ ಬರೆಯಿರಿ, ಇಷ್ಟೇ ಕೇಳಿದೆ. ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ ಅಂತ ಬಂತು. ಪುಟ ಇವತ್ತಿಗೂ ಹಾಗೇ ಇದೆ. ಬೆಲೆ ಮಾತ್ರ 2,800 ಆಗಿದೆ.

ಆದ್ದರಿಂದ ಬಯಲುಸೀಮೆಯಲ್ಲಿ ಕಿವಿ ಸಸಿ ತರಿಸುವವರಿಗೆ ನನ್ನ ಮಾತು ಇಷ್ಟು. ಹಣ್ಣಿಗಾಗಿ ತರಿಸಬೇಡಿ. ತರಿಸಲೇಬೇಕು ಅಂದರೆ ತಳಿಯ ಹೆಸರು ಕೇಳಿ, ಹೇಳದಿದ್ದರೆ ಬಿಟ್ಟುಬಿಡಿ. ಚೀಟಿಯಲ್ಲಿ ಬರೀ ಫೀಮೇಲ್ ಅಂತ ಇದ್ದರೆ ಅದು ತಳಿಯಲ್ಲ. ಡಬ್ಬ ಬಿಚ್ಚಿದ ಕೂಡಲೇ ಎಲೆ ನೋಡಬೇಡಿ, ಕಸಿ ಗಂಟು ನೋಡಿ, ಚಿಗುರು ಅದರ ಮೇಲಿಂದ ಬಂದಿದೆಯಾ ಅಂತ ನೋಡಿ, ಕೆಳಗಿಂದ ಬಂದಿದ್ದರೆ ಅವತ್ತೇ ವಾಪಸ್ ಕಳಿಸಿ. ನಿಮ್ಮ ಬೋರ್ ನೀರಿನ ಪಿಎಚ್ ಗೊತ್ತಿಲ್ಲದೆ ಗುಂಡಿ ತೋಡಬೇಡಿ. ಸ್ಟಾರ್‌ಗಳನ್ನು ನೋಡುವಾಗ ಬರೆದ ತಾರೀಕು, ಕೊಂಡ ತಾರೀಕು ಎರಡೂ ನೋಡಿ. ಮೊದಲ ವಾರ ಬರೆದದ್ದೆಲ್ಲ ಡಬ್ಬದ ಬಗ್ಗೆ ಬರೆದದ್ದು, ನನ್ನದೂ ಸೇರಿ.

ಬಳ್ಳಿಯೇ ಬೇಕು, ಹುಳಿ ಸಿಹಿ ಹಣ್ಣೇ ಬೇಕು ಅನ್ನುವವರಿಗೆ ಪ್ಯಾಶನ್ ಫ್ರೂಟ್ ಇದೆ. ಕೊಡಗಿನ ಚೆಟ್ಟಳ್ಳಿ ತೋಟಗಾರಿಕೆ ಸಂಶೋಧನಾ ಕೇಂದ್ರದಲ್ಲಿ ಮಾಡಿದ ಕಾವೇರಿ ತಳಿ ಒಳ್ಳೆಯದು. ಅವತ್ತು ಎಂಬತ್ತು ರೂಪಾಯಿಗೆ ತಂದದ್ದು ಅದೇ. ಎರಡನೇ ವರ್ಷಕ್ಕೆ ಚಪ್ಪರದ ಅರ್ಧ ತುಂಬಿ, ಒಂದೇ ಸೀಸನ್‌ಗೆ ಎರಡು ಬುಟ್ಟಿ ಹಣ್ಣು ಕೊಟ್ಟಿತು, ಅದೂ ಹೆಚ್ಚಾಗಿ ಬೋರ್ ನೀರಿನಲ್ಲೇ. ಮಗಳು ಈಗ ಅದರ ಪಾನಕ ಕೇಳುತ್ತಾಳೆ.

ಚಪ್ಪರದ ಇನ್ನರ್ಧ ಕಿವಿಯದೇ. ಈ ಡಿಸೆಂಬರ್‌ನಲ್ಲೂ ಎಲೆ ಕೀಳುತ್ತೇವೆ. ಕೋಲಾರ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ ಕಡೆ ಯಾರ ಮನೆಯಲ್ಲಾದರೂ ಹೆಣ್ಣು ಬಳ್ಳಿ ಹೂವು ಬಿಟ್ಟು ಗಂಡಿಲ್ಲದೆ ಉದುರಿ ಹೋಗುತ್ತಿದ್ದರೆ ಕೆಳಗೆ ಬರೆಯಿರಿ. ನಮ್ಮದರಲ್ಲಿ ಮೊಗ್ಗು ಕಾಣುವುದು ಮಾರ್ಚ್ ಎರಡನೇ ವಾರ, ಹೂವು ಅರಳುವುದು ಅದಾದ ಮೇಲೆ. ಬೆಳಿಗ್ಗೆ ಕಿತ್ತು ಡಬ್ಬಿಯಲ್ಲಿ ಹಾಕಿದರೆ ಮಧ್ಯಾಹ್ನದೊಳಗೆ ಬೈಕಲ್ಲಿ ತಂದುಕೊಡುತ್ತೇನೆ.